ಸ್ಟೆಲ್ವಿಯೋ ಹತ್ತಿ ಉಂಬ್ರೈಲಲ್ಲಿ ಇಳಿದ ದಿನ

ಸೆಪ್ಟೆಂಬರ್ 3, 2024, ಮಂಗಳವಾರ
ಪ್ರಾಡ್, ಸೌತ್ ಟಿರೋಲ್, ಇಟಲಿ

ಕ್ಯಾಂಪ್‌ಸೈಟಿನ ಬಟ್ಟೆ ಒಗೆಯೋ ಕೋಣೇಲಿ ಕೂತು ಬರೀತಿದೀನಿ, ಫೋನ್ ಚಾರ್ಜಿಗೆ ಖಾಲಿ ಪ್ಲಗ್ ಸಿಕ್ಕಿದ್ದು ಇಲ್ಲೇ. ಮೊದಲೇ ಹೇಳಿಬಿಡ್ತೀನಿ, ಸೈಕಲ್ ಟೂರಿಂಗ್ ಮಾಡೋರು ಆಲ್ಪ್ಸ್ ಬೆಟ್ಟ ದಾಟೋ ಸ್ಟೆಲ್ವಿಯೋ ಪಾಸನ್ನ (ಪಾಸ್ ಅಂದ್ರೆ ನಮ್ಮ ಘಾಟಿ ಥರ) ಬ್ಯಾಗು ಟೆಂಟು ಎಲ್ಲ ಹೇರ್ಕೊಂಡು ಹತ್ತಿ ಆ ಕಡೆ ಬೋರ್ಮಿಯೋಗೆ ದಾಟೋ ಹಠ ಬಿಡಿ. ಲಗೇಜೆಲ್ಲ ಪ್ರಾಡಲ್ಲಿ ಇಟ್ಟು, ಈ ಕಡೆಯಿಂದ ಹತ್ತಿ, ಮೇಲಿಂದ ಸ್ವಿಟ್ಜರ್ಲ್ಯಾಂಡಿನ ಉಂಬ್ರೈಲ್ ಪಾಸಲ್ಲಿ ಇಳಿದು, ಮ್ಯೂಸ್ಟೈರ್ ಕಣಿವೆ ಹಿಡ್ಕೊಂಡು ಸುತ್ತಾಕಿ ವಾಪಸ್ ಬನ್ನಿ. ಹತ್ರ ಹತ್ರ 60 ಕಿಲೋಮೀಟರ್ ಅಷ್ಟೇ, ಆದ್ರೆ ಹತ್ತೋದೆಲ್ಲ ಮೊದಲ 24 ಕಿಲೋಮೀಟರಲ್ಲೇ ಮುಗಿದು ಆಮೇಲೆ ಬರೀ ಇಳಿಜಾರು, ಮಧ್ಯ ಮೂರು ಭಾಷೆಯ ಸೀಮೆ.

ನಿನ್ನೆ ಆಸ್ಟ್ರಿಯಾ ಕಡೆಯಿಂದ ರೆಶನ್ ಪಾಸ್ ದಾಟಿ ಬಂದ್ವಿ. ಕ್ಲಾಡಿಯಸ್ ಚಕ್ರವರ್ತಿ ಕಾಲದ ರೋಮನ್ ರಸ್ತೆ ಜಾಡಲ್ಲೇ ಮಾಡಿರೋ ವಿಯಾ ಕ್ಲಾಡಿಯಾ ಆಗಸ್ಟಾ ಸೈಕಲ್ ರೂಟ್ ಅದು. ರೆಶನ್ 1,500 ಮೀಟರ್ ಚಿಲ್ಲರೆ, ಆಲ್ಪ್ಸ್ ಲೆಕ್ಕದಲ್ಲಿ ಸಾಧು ಪ್ರಾಣಿ. ಅಲ್ಲಿ ಸರೋವರದ ನೀರಿಂದ ಚರ್ಚಿನ ಗೋಪುರ ಎದ್ದು ನಿಂತಿರೋ ಫೋಟೋ ನೀವೂ ನೋಡಿರ್ತೀರಿ, 1950ರಲ್ಲಿ ಡ್ಯಾಮ್ ನೀರಲ್ಲಿ ಗ್ರಾವ್ನ್ ಅನ್ನೋ ಊರೇ ಮುಳುಗಿ ಉಳಿದಿದ್ದು ಅದೊಂದೇ. ನಾನೂ ಒಂದು ಫೋಟೋ ಹೊಡ್ಕೊಂಡೆ, ಆದ್ರೆ ಲಿಂಗನಮಕ್ಕಿ ಹಿನ್ನೀರಲ್ಲಿ ಊರು ಕಳ್ಕೊಂಡ ನೆಂಟರು ಇರೋ ಮಲೆನಾಡಿನವನಿಗೆ ಅದರ ಮುಂದೆ ಹಲ್ಲು ಕಿರಿದು ಸೆಲ್ಫಿ ತಗೊಳೋಕೆ ಮನಸ್ಸಾಗ್ಲಿಲ್ಲ.

ಬೆಳಗ್ಗೆ ಏಳಕ್ಕೆಲ್ಲ ಹೊರಟ್ವಿ. ಪ್ರಾಡ್ 915 ಮೀಟರ್, ಪಾಸಿನ ತುದಿ 2,757. ಅಂದ್ರೆ ಒಂದೇ ಬೀಸಿಗೆ 1,840 ಮೀಟರ್ ಏರಬೇಕು, ಸರಾಸರಿ ಏಳೂವರೆ ಪರ್ಸೆಂಟ್. ಡಾಂಬರ್ ಇರೋ ಪಾಸ್‌ಗಳಲ್ಲಿ ಪೂರ್ವ ಆಲ್ಪ್ಸಿಗೆ ಇದೇ ಎತ್ತರ, ಇಡೀ ಆಲ್ಪ್ಸ್ ತಗೊಂಡ್ರೆ ಫ್ರಾನ್ಸಿನ ಇಸರಾನ್ ಮಾತ್ರ ಒಂಚೂರು ಮೇಲಿದೆ. ಕೆಳಗೆಲ್ಲ ಸೇಬಿನ ತೋಟ, ಕೊಯ್ಲಿನ ಕಾಲ, ದಾರಿ ಪಕ್ಕದಲ್ಲಿ ಮರದ ದೊಡ್ಡ ದೊಡ್ಡ ಪೆಟ್ಟಿಗೆ ಜೋಡಿಸಿಟ್ಟಿದ್ರು. ಗೋಮಗೋಯ್ ದಾಟಿ ಟ್ರಾಫೋಯ್ ಕಡೆಗೆ ಹೋಗೋವರೆಗೂ ಅಂಥ ಸುದ್ದಿ ಏನಿಲ್ಲ, ಪಕ್ಕದಲ್ಲಿ ಹೊಳೆ, ಕಾಡು, ನಿಧಾನಕ್ಕೆ ಬಿಗಿಯಾಗೋ ಏರು. ನನಗೆ ಕೇಳಿದ್ರೆ ಜೀವ ತಿನ್ನೋದು ಈ ಭಾಗವೇ. ತಿರುವಿಲ್ಲ, ಮುಂದೆ ಏನೂ ಕಾಣಲ್ಲ, ಏರ್ತಿದೀವೋ ಇಲ್ವೋ ಅಂತಾನೂ ಗೊತ್ತಾಗಲ್ಲ, ಸ್ಪೀಡ್ ನೋಡಿದ್ರೆ ಏಳು.

ಆಮೇಲೆ ಬರುತ್ತೆ 48ನೇ ತಿರುವಿನ ಬೋರ್ಡು. ಇಲ್ಲಿ ಹೇರ್‌ಪಿನ್‌ಗಳಿಗೆ ಉಲ್ಟಾ ನಂಬರ್, ಕೆಳಗೆ 48, ತುದೀಲಿ 1. ಆಗುಂಬೆ ಘಾಟಿಯ 14 ತಿರುವು ಹತ್ತಿದೀನಿ ಅಂತ ಜಂಬ ಕೊಚ್ಕೊಳೋ ನಾನು ಆ ಬೋರ್ಡ್ ನೋಡಿ ಸುಮ್ನಾದೆ. ಜೊತೆಗಿದ್ದ ಹುಬ್ಬಳ್ಳಿ ದೋಸ್ತ್ ಎಂಟು ತಿರುವು ಆದ್ಮೇಲೆ ಹಿಂದಿಂದ ಕೂಗಿದ, "ಏನಲೇ ಇದು, ಇನ್ನಾ ನಲವತ್ತ್ ಅದಾವ!" "ಎಣಿಸ್ಬೇಡ ಮಾರಾಯ, ತುಳಿ" ಅಂದೆ. ಎಣಿಸದೇ ಇರೋಕಾಗಲ್ಲ, ಪ್ರತಿ ತಿರುವಲ್ಲೂ ನಂಬರ್ ಕಣ್ಣಿಗೆ ಹೊಡಿಯುತ್ತೆ.

ಆದ್ರೆ ತಿರುವುಗಳೇ ನಮ್ಮ ಪುಣ್ಯ. ಈ ರಸ್ತೆ ಮಾಡಿದ್ದು 1820ರಿಂದ 1825ರೊಳಗೆ, ಆಗ ಇಟಲಿಯ ಲೊಂಬಾರ್ಡಿ ಸೀಮೆ ಆಸ್ಟ್ರಿಯಾ ಕೈಲಿತ್ತು, ಅಲ್ಲಿಗೆ ನೇರ ದಾರಿ ಬೇಕಿತ್ತು, ಇಂಜಿನಿಯರ್ ಕಾರ್ಲೋ ದೊನೆಗಾನಿ. ಕುದುರೆ ಗಾಡಿ ಹತ್ತಬೇಕಲ್ಲ, ಅದಕ್ಕೆ ಏರು ಎಲ್ಲೂ ಹುಚ್ಚಾಪಟ್ಟೆ ಕಡಿದಾಗದ ಹಾಗೆ ಗುಡ್ಡಾನ ಅಡ್ಡಡ್ಡ ಕೊಯ್ದು ರಸ್ತೆ ಎಳೆದಿದಾರೆ. ಹಾಗಾಗಿ ಒಂದು ಲಯ ಸಿಕ್ಕಿಬಿಟ್ರೆ ಅದೇ ಗೇರಲ್ಲಿ ಗಂಟೆಗಟ್ಲೆ ಹೋಗಬಹುದು, ಮುಂದೆ 30 ಹಲ್ಲು ಹಿಂದೆ 36, ಅಂದ್ರೆ ತುಂಬ ಹಗುರದ ಗೇರು ಹಾಕ್ಕೊಂಡು ನಾನು ಅದನ್ನೇ ಮಾಡಿದ್ದು. ತಿರುವಿನ ಹೊರ ಅಂಚು ಹಿಡಿದ್ರೆ ಅಲ್ಲಿ ನಾಲ್ಕೈದು ತುಳಿತ ಬಹುತೇಕ ಸಪಾಟು, ಅಷ್ಟರಲ್ಲೇ ಒಂದು ಗುಟುಕು ನೀರು, ಬಾಯಿಗೊಂದು ತುಂಡು ಕಡ್ಲೆ ಚಿಕ್ಕಿ. ಒಳ ಅಂಚಿಗೆ ಹೋದ್ರೋ ಸೀದಾ ಗೋಡೆ ಹತ್ತಿದ ಹಾಗೆ, ಜೊತೆಗೆ ಎದುರಿಂದ ಬರೋ ಬೈಕಿನವನೂ ಅಲ್ಲೇ ನುಗ್ಗಿರ್ತಾನೆ.

22ನೇ ತಿರುವಿನ ಹತ್ರ ಫ್ರಾನ್ಸೆನ್ಸ್‌ಹೋಹೆ ಅನ್ನೋ ಜಾಗ, ಸುಮಾರು 2,190 ಮೀಟರ್. ಮರಗಳೆಲ್ಲ ಮುಗಿದು ಉಳಿದ ರಸ್ತೆ ಪೂರ್ತಿ ಒಂದೇ ಗುಡ್ಡದ ಮೈಮೇಲೆ ಶ್ಯಾವಿಗೆ ಚೆಲ್ಲಿದ ಹಾಗೆ ಕಾಣುತ್ತೆ. ಎಡಕ್ಕೆ 3,905 ಮೀಟರಿನ ಓರ್ಟ್ಲರ್ ಶಿಖರ, ಮೈತುಂಬ ಹಿಮನದಿ. ಇಲ್ಲಿಂದ ಮೇಲೆ ಉಸಿರಿನ ಲೆಕ್ಕಾನೇ ಬೇರೆ, ತುದೀಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲಿಗಿಂತಾನೂ ಕಮ್ಮಿ, ಕಾಲಲ್ಲಿ ಶಕ್ತಿ ಇದ್ರೂ ಎದೆ ಒಪ್ಪಲ್ಲ. ಎಲ್ಲೋ ಕಲ್ಲಿನ ಸಂದೀಲಿ ಮಾರ್ಮಟ್, ದಪ್ಪ ಅಳಿಲಿನಂಥ ಪ್ರಾಣಿ, ಸಿಳ್ಳೆ ಹೊಡೀತಿತ್ತು, ನಮ್ಮನ್ನ ನೋಡೇ ಹೊಡೀತಿದೆ ಅಂತ ದೋಸ್ತನ ಅನುಮಾನ.

1953ರಲ್ಲಿ ಇಟಲಿಯ ದೊಡ್ಡ ಸೈಕಲ್ ರೇಸ್ ಜಿರೋ ಡಿ'ಇಟಾಲಿಯಾ ಮೊದಲ ಸಲ ಇಲ್ಲಿಗೆ ಬಂದಾಗ ಫೌಸ್ಟೋ ಕೊಪ್ಪಿ ಇದೇ ತಿರುವುಗಳಲ್ಲಿ ಹ್ಯೂಗೋ ಕೊಬ್ಲೆಟ್‌ನ ಹಿಂದೆ ಹಾಕಿ, ಅವನ ಮೈಮೇಲಿದ್ದ ಪಿಂಕ್ ಜೆರ್ಸಿ (ರೇಸಲ್ಲಿ ಮುಂದಿರೋನು ಹಾಕೋದು) ಕಿತ್ಕೊಂಡು ಐದನೇ ಜಿರೋ ಗೆದ್ದ. ಅವತ್ತಿನ ಗೇರು ನಮ್ಮ ಸೈಕಲಿನ ಹಾಗೆ ಹಗುರದ್ದಲ್ಲ, ರಸ್ತೇನೂ ಮಣ್ಣು. ಈಗ ಪ್ರತಿ ವರ್ಷ ಜಿರೋದ ಅತಿ ಎತ್ತರದ ಜಾಗಕ್ಕೆ ಚೀಮಾ ಕೊಪ್ಪಿ ಅಂತಲೇ ಕರೀತಾರೆ.

ತುದಿ ಬಗ್ಗೆ ನಿಜ ಹೇಳ್ಲಾ, ಜಾತ್ರೆ. ಟೀ ಶರ್ಟ್ ಅಂಗಡಿ, ಸ್ಟಿಕರ್ ಅಂಗಡಿ, ಸಾಸೇಜ್ ಸುಡೋ ಗಾಡಿ, ಸಾಲಾಗಿ ನಿಂತ ಬೈಕುಗಳು. ಮಂಗಳವಾರವೇ ಹೀಗಿದ್ರೆ ಆಗಸ್ಟಿನ ಭಾನುವಾರ ಹೇಗಿರುತ್ತೋ. ವರ್ಷಕ್ಕೊಂದು ದಿನ ಮೋಟಾರು ಗಾಡಿ ಪೂರ್ತಿ ಬಂದ್ ಮಾಡಿ ರಸ್ತೆನ ಸೈಕಲಿಗೆ ಬಿಟ್ಟುಕೊಡ್ತಾರಂತೆ, ಅವತ್ತು ಸಾವಿರಾರು ಜನ ತುಳೀತಾರೆ, ಅದೂ ಒಂಥರ ಜಾತ್ರೆನೇ. ನಾವು ಒಂಚೂರು ಮೇಲೆ ನಡ್ಕೊಂಡು ಹೋಗಿ ಪ್ರಾಡಿಂದ ತಂದಿದ್ದ ರೈ ಬ್ರೆಡ್ ತೆಗೆದ್ವಿ. ವಿನ್‌ಶ್ಗಾವ್ ಕಣಿವೆಯದೇ ಬ್ರೆಡ್ಡು, ಎರಡು ಚಪ್ಪಟೆ ರೊಟ್ಟಿ ಅಂಟಿಸಿ ಬೇಯಿಸಿರ್ತಾರೆ, ಮುರಿದ್ರೆ ಘಮ್ ಅಂತ ಮೆಂತ್ಯದ ವಾಸನೆ. ಹಿಟ್ಟಿಗೆ ಹಾಕೋದು ನೀಲಿ ಹೂವಿನ ಒಂದು ಸೊಪ್ಪು, ಮೆಂತ್ಯದ ಖಾಸಾ ದಾಯಾದಿ ಅದು. ನನ್ನ ಡಬ್ಬೀಲಿ ಶೇಂಗಾ ಚಟ್ನಿಪುಡಿ ಇತ್ತು. ಸ್ವಲ್ಪ ಆಲಿವ್ ಎಣ್ಣೆ ಹಾಕಿ ಕಲಸಿ ಹಚ್ಕೊಂಡ್ವಿ. ಸಾಸೇಜಿನ ಕ್ಯೂನಲ್ಲಿ ನಿಂತೋರ ಮೇಲೆ ಒಂಚೂರೂ ಹೊಟ್ಟೆಕಿಚ್ಚಾಗ್ಲಿಲ್ಲ.

ಕೂತಿದ್ದ ಜಾಗದ ಮೇಲ್ಗಡೆ ಮೂರು ಭಾಷೆಯ ಶಿಖರ ಅಂತ ಒಂದು ದಿಬ್ಬ, ಇಟಾಲಿಯನ್, ಜರ್ಮನ್, ಸ್ವಿಟ್ಜರ್ಲ್ಯಾಂಡಿನ ಪುಟ್ಟ ಭಾಷೆ ರೊಮಾನ್ಶ್ ಸೀಮೆ ಸೇರೋದು ಅಲ್ಲಿ. 1915ರಿಂದ 18ರವರೆಗೆ ಇಟಲಿ ಮತ್ತೆ ಆಸ್ಟ್ರಿಯಾ ಸೈನಿಕರು ಇದೇ ಎತ್ತರದಲ್ಲಿ ಎದುರುಬದುರು ಕೂತಿದ್ರು, ಓರ್ಟ್ಲರ್ ತುದಿಗೇ ಫಿರಂಗಿ ಎಳ್ಕೊಂಡು ಹೋಗಿದ್ರಂತೆ. ನಮಗೆ ಹತ್ತು ಕೆಜಿ ಬ್ಯಾಗು ಕೆಳಗೆ ಬಿಟ್ಟು ಬಂದದ್ದೇ ದೊಡ್ಡ ಉಪಾಯ.

ಇಳಿಯೋದು ಸುಲಭ ಅನ್ಕೋಬೇಡಿ. ಬೆವರಿದ ಬಟ್ಟೆ ಬದಲಾಯಿಸಿ ಜಾಕೆಟ್, ಪೂರ್ತಿ ಬೆರಳಿನ ಗ್ಲೌಸ್ ಹಾಕ್ಲೇಬೇಕು, ಇಲ್ದಿದ್ರೆ ಐದು ನಿಮಿಷದಲ್ಲಿ ಬ್ರೇಕ್ ಹಿಡಿಯೋಕೂ ಬೆರಳು ಬಗ್ಗಲ್ಲ. ಬೋರ್ಮಿಯೋ ಕಡೆ ಮೂರು ಕಿಲೋಮೀಟರ್ ಇಳಿದ್ರೆ ಬಲಕ್ಕೆ ಉಂಬ್ರೈಲ್, ಸುಮಾರು 2,500 ಮೀಟರ್, ಡಾಂಬರ್ ಇರೋ ಪಾಸ್‌ಗಳಲ್ಲಿ ಸ್ವಿಟ್ಜರ್ಲ್ಯಾಂಡಿಗೆ ಇದೇ ಎತ್ತರ. ಕೆಲವೇ ವರ್ಷದ ಹಿಂದೆವರೆಗೂ ಮಧ್ಯ ಒಂದಿಷ್ಟು ದೂರ ಜಲ್ಲಿ ರಸ್ತೆ ಇತ್ತು, ಈಗ ಪೂರ್ತಿ ನುಣುಪು. ಗಾಡಿ ಬೆರಳೆಣಿಕೆ. ಬ್ರೇಕನ್ನ ಉದ್ದಕ್ಕೂ ಅದುಮಿ ಹಿಡೀಬಾರದು, ಬಿಸಿಯಾಗುತ್ತೆ, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಬಿಟ್ಟುಬಿಡಬೇಕು, ಕಣ್ಣು ತಿರುವಿನ ಆ ತುದೀಲಿರಬೇಕು. ಒಂದು ಕಡೆ ರಸ್ತೆ ಮಧ್ಯ ಕೊರಳಿಗೆ ತಂಬಿಗೆಯಷ್ಟು ದೊಡ್ಡ ಗಂಟೆ ಕಟ್ಟಿದ ಹಸುಗಳು. "ಹೈ ಹೈ" ಅಂದ ದೋಸ್ತ್, ಕಿವಿನೂ ಅಲ್ಲಾಡಿಸ್ಲಿಲ್ಲ, ಕಾದ್ವಿ.

ಉಂಬ್ರೈಲ್ ಇಳಿದು ಸಿಗೋ ಊರು ಸಾಂಟಾ ಮರಿಯಾ, ಅಲ್ಲಿಂದ ಮ್ಯೂಸ್ಟೈರ್, ಅಲ್ಲಿ ಎಂಟನೇ ಶತಮಾನದ ಸೇಂಟ್ ಜಾನ್ ಕಾನ್ವೆಂಟ್, 1983ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಒಳಗಿನ ಗೋಡೆಚಿತ್ರಗಳಿಗೆ 1,200 ವರ್ಷ. ಸೈಕ್ಲಿಂಗ್ ಶೂ ಟಕಟಕ ಅನ್ನಿಸ್ಕೊಂಡು ಒಳಗೆ ಹೋಗೋಕೆ ಸಂಕೋಚ ಆಯ್ತು, ಹೋದ್ವಿ, ಹೋಗಿದ್ದು ಒಳ್ಳೇದಾಯ್ತು. ಕಾಫಿ ಮಾತ್ರ ಅಲ್ಲಿ ಕುಡೀಲಿಲ್ಲ, ಇಟಲಿ ಗಡಿ ಹತ್ರದಲ್ಲೇ ಇರೋವಾಗ ಸ್ವಿಸ್ ಫ್ರಾಂಕ್ ಕೊಟ್ಟು ಕಾಫಿ ಯಾಕೆ ಕುಡಿಯೋದು. ಗಡಿ ದಾಟಿ ಗ್ಲುರ್ನ್ಸ್ ಊರಿನ ಕೋಟೆಗೋಡೆ ಒಳಗೆ ಕೂತು ಎರಡೆರಡು ಕುಡಿದು ಪ್ರಾಡಿಗೆ ಬಂದ್ವಿ.

ನಾಳೆ ಎಚ್ ನದಿ ಪಕ್ಕದ ಸೈಕಲ್ ದಾರೀಲಿ ಮೆರಾನೋ, ಬಹುತೇಕ ಇಳಿಜಾರೇ. ಮಳೆ ಬಂದ್ರೆ ಮಾಲ್ಸ್‌ನಿಂದ ಬರೋ ಪುಟ್ಟ ರೈಲಿದೆ. ದೋಸ್ತ್ ಈಗಲೇ ರೈಲಿನ ಟೈಮ್ ನೋಡ್ತಿದಾನೆ, ಆಕಾಶದಲ್ಲಿ ಒಂದು ಮೋಡಾನೂ ಇಲ್ಲ.