ನಮ್ಮ ಬೀದರ್‌ನ ರನ್‌ವೇ

ಬೀದರ್‌ನಲ್ಲಿ ರನ್‌ವೇ ವಾಯುಪಡೆಯದು. ಪ್ರಯಾಣಿಕರಿಗೆ ಪಕ್ಕದಲ್ಲೊಂದು ಪುಟ್ಟ ಟರ್ಮಿನಲ್, ಅಷ್ಟೇ. ವಾಯುಪಡೆಯ ಪೈಲಟ್‌ಗಳು ಹಾಕ್ ಎಂಬ ತರಬೇತಿ ಜೆಟ್ ಹಾರಿಸಲು ಕಲಿಯುವುದು ಇಲ್ಲೇ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡದ ನೆಲೆಯೂ ಇದೇ. ಒಂಬತ್ತು ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗಿಸುವಂತೆ ಶಾಲೆಯ ಮೇಲೆ ಹೋದರೆ ನಾನು ಪಾಠ ನಿಲ್ಲಿಸಿ ಮಕ್ಕಳನ್ನು ಹೊರಗೆ ಬಿಡುತ್ತೇನೆ. ನೋಡಲಿ, ಅಲ್ವಾ?

2020ರ ಫೆಬ್ರವರಿಯಲ್ಲಿ ಇಲ್ಲಿಂದ ಬೆಂಗಳೂರಿಗೆ ವಿಮಾನ ಶುರುವಾದಾಗ ಅಪ್ಪ ಆ ಸುದ್ದಿಯನ್ನು ಪೇಪರ್‌ನಿಂದ ಕತ್ತರಿಸಿ ಇಟ್ಟುಕೊಂಡರು. ಆಸ್ಪತ್ರೆಗೆಂದು ರಾತ್ರಿಯಿಡೀ ರೈಲಿನಲ್ಲಿ ಕೂತು ಹೋದವರು ಅವರು. ಆಮೇಲೆ ಆ ಸೇವೆ ನಿಂತಿದ್ದೂ ಉಂಟು, ಮತ್ತೆ ಶುರುವಾಗಿದ್ದೂ ಉಂಟು. ರನ್‌ವೇ ವಾಯುಪಡೆಯದು, ಅವರ ತರಬೇತಿಗಾಗಿ ನಾವು ಪ್ರಯಾಣಿಕರು ಸ್ವಲ್ಪ ಕಾಯಬೇಕಾದರೆ ಖುಷಿಯಿಂದ ಕಾಯೋಣ. ಆದರೆ ದಿನಕ್ಕೊಂದು ವಿಮಾನವಾದರೂ ತಪ್ಪದೆ ಬರಬೇಕು.