ಚಂದ್ರಗುತ್ತಿಯ ಹರಕೆ

ನಮ್ಮದು ಸೊರಬ ತಾಲೂಕು. ಚಿಕ್ಕವಳಿದ್ದಾಗ ಚಂದ್ರಗುತ್ತಿ ಜಾತ್ರೆ ಬಂತೆಂದರೆ ಅಜ್ಜಿ ನಮ್ಮನ್ನು ಹೊಳೆ ಕಡೆ ಬಿಡುತ್ತಿರಲಿಲ್ಲ. ಯಾಕಜ್ಜಿ ಅಂದರೆ "ಸುಮ್ನಿರೇ" ಅಷ್ಟೇ. ವರದಾ ನದಿಯಲ್ಲಿ ಮಿಂದು, ಮೈಮೇಲೆ ನೂಲಿಲ್ಲದೆ ರೇಣುಕಾಂಬೆಯ ಗುಡಿಗೆ ಹೋಗುವ ಬೆತ್ತಲೆ ಸೇವೆಯ ವಿಷಯ ನನಗೆ ಗೊತ್ತಾಗಿದ್ದು ಆಮೇಲೆ.

1986ರ ಮಾರ್ಚ್‌ನಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಗುಂಪು ಮುಗಿಬಿತ್ತು. ಮಹಿಳಾ ಪೊಲೀಸರ ಬಟ್ಟೆಯನ್ನೂ ಬಿಚ್ಚಿಸಿದರು. ಸರ್ಕಾರ ಎಚ್ಚೆತ್ತು ನಿಷೇಧ ಹೇರಿತು.

"ಜನರ ನಂಬಿಕೆಗೆ ಸರ್ಕಾರ ಯಾಕೆ ಕೈ ಹಾಕ್ಬೇಕು?" ನಮ್ಮ ಭಾವನ ವಾದ ಇವತ್ತಿಗೂ ಇದೇ. (ಅವರ ಮನೆ ಹೆಂಗಸರ್ಯಾರೂ ಆ ಹರಕೆ ಹೊತ್ತವರಲ್ಲ, ಅದಿರಲಿ.) ಸಂವಿಧಾನದ 25ನೇ ವಿಧಿ ಧರ್ಮಸ್ವಾತಂತ್ರ್ಯ ಕೊಡುವಾಗಲೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಎಂಬ ಕಟ್ಟು ಹಾಕಿದೆ. ದೇವಿಯನ್ನು ಯಾರೂ ನಿಷೇಧಿಸಲಿಲ್ಲ. ಜಾತ್ರೆ ಈಗಲೂ ನಡೆಯುತ್ತದೆ, ಸೀರೆ ಉಟ್ಟುಕೊಂಡೇ.

ಆದರೆ ಕಾಯ್ದೆ ಬಂದಾಕ್ಷಣ ಎಲ್ಲ ಸರಿಹೋಗುತ್ತದೆಂದು ನಾನೂ ನಂಬಿಲ್ಲ. ದೇವದಾಸಿ ಸಮರ್ಪಣೆ ನಿಷೇಧಿಸಿದ್ದು 1982ರ ಕಾಯ್ದೆ. ಅದಾದ ಮೇಲೂ ಕದ್ದುಮುಚ್ಚಿ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದರು. ಮೌಢ್ಯದ ವಿರುದ್ಧ 2017ರಲ್ಲಿ ಮಾಡಿದ ಕಾಯ್ದೆ ಜಾರಿಗೆ ಬರಲು 2020 ಆಗಬೇಕಾಯಿತು. ಪೊಲೀಸರು ಹಿಡಿಯಬೇಕಾದದ್ದು ಹರಕೆ ಹೊತ್ತ ಬಡವಿಯನ್ನಲ್ಲ, ಹೊರಿಸಿದವರನ್ನು.

ಅಜ್ಜಿಗೆ ಕೊನೆಗೊಮ್ಮೆ ಕೇಳಿದೆ, ನಿಲ್ಲಿಸಿದ್ದು ತಪ್ಪಾ ಅಂತ. ಎಲೆಅಡಿಕೆ ಕುಟ್ಟುತ್ತಾ ಅಂದಳು: "ಅಮ್ಮ ಯಾವತ್ತು ಕೇಳಿದ್ಲೇ, ಬಟ್ಟೆ ಬಿಚ್ಚಿ ಬಾ ಅಂತ?"