ಸಿಂಹಗಳಿಗೆ ಕೊರೊನಾ ಕೊಟ್ಟವರು ನಾವು

2025ರ ನವೆಂಬರ್‌ನಲ್ಲಿ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ ಸುಮಾರು 30 ಕೃಷ್ಣಮೃಗಗಳು ಕೆಲವೇ ದಿನಗಳಲ್ಲಿ ಸತ್ತಾಗ, ನಾನು ಪಶುವೈದ್ಯಕೀಯ ಪರೀಕ್ಷಕನಾಗಿದ್ದೆನೆಂದು ಬಲ್ಲ ಹಲವರು ಫೋನ್ ಮಾಡಿ ಕೇಳಿದ ಮೊದಲ ಮಾತು, ‘ಮತ್ತ ಕೊರೊನಾ ಬಂತೇನ್ರಿ?’ ಎಂಬುದಾಗಿತ್ತು. ಅದು ಕೊರೊನಾ ಆಗಿರಲಿಲ್ಲ. ನಮ್ಮ ದನ ಎಮ್ಮೆಗಳಿಗೆ ಬರುವ ಗಳಲೆ ರೋಗ ಅದು. ಬ್ಯಾಕ್ಟೀರಿಯಾದಿಂದ ಬರುತ್ತದೆಯೇ ಹೊರತು ವೈರಾಣುವಿನಿಂದಲ್ಲ. ಆದರೂ ಹಾಗೆ ಕೇಳಿದವರ ಭಯ ಆಧಾರವಿಲ್ಲದ್ದೆಂದು ನಾನು ಹೇಳಲಾರೆ. ಮೃಗಾಲಯದ ಪ್ರಾಣಿಗಳಿಗೆ ಕೊರೊನಾ ಬಂದದ್ದು ನಿಜ, ಕೆಲವು ಸತ್ತದ್ದೂ ನಿಜ. ಅದು ಎಲ್ಲಿಂದ ಬಂತು ಎಂಬ ವಿಷಯ ಮಾತ್ರ ಹೆಚ್ಚಿನವರ ನೆನಪಿನಿಂದ ಜಾರಿಹೋಗಿದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

2021ರ ಆರಂಭದಲ್ಲಿ ಬನ್ನೇರುಘಟ್ಟದಿಂದ ಮೂರು ಸಿಂಹಗಳು ಭೂತರಾಮನಹಟ್ಟಿಗೆ ಬಂದಿದ್ದವು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಹತ್ತಿರ, ಹೆದ್ದಾರಿಯ ಬದಿಗಿರುವ ಆ ಜಾಗ ಅಲ್ಲಿಯವರೆಗೆ ಜಿಂಕೆಗಳಿರುವ ಕಿರು ಮೃಗಾಲಯವೆಂದೇ ಸುತ್ತಲಿನ ಹಳ್ಳಿಗಳಿಗೆ ಗೊತ್ತಿತ್ತು. ಮೈಸೂರಿನವರೆಗೆ ಹೋಗದೆ ನಮ್ಮ ಮಕ್ಕಳು ಸಿಂಹ ನೋಡಬಹುದೆಂಬ ಸಂತೋಷ ಎರಡು ತಿಂಗಳೂ ಉಳಿಯಲಿಲ್ಲ. ಏಪ್ರಿಲ್ ಕೊನೆಯ ಹೊತ್ತಿಗೆ ಎರಡನೆಯ ಅಲೆ ಏರಿ ರಾಜ್ಯವೇ ಬಂದ್ ಆಯಿತು. ಮೇ 4ರಂದು ಹೈದರಾಬಾದಿನಿಂದ ಸುದ್ದಿ ಬಂತು: ಅಲ್ಲಿನ ನೆಹರೂ ಪ್ರಾಣಿಸಂಗ್ರಹಾಲಯದ ಎಂಟು ಏಷ್ಯಾ ಸಿಂಹಗಳಿಗೆ ಸೋಂಕು ತಗುಲಿರುವುದನ್ನು ಸಿಸಿಎಂಬಿ ಸಂಶೋಧನಾ ಕೇಂದ್ರ ಖಚಿತಪಡಿಸಿತ್ತು. ಮನುಷ್ಯರಿಗೇ ಆಮ್ಲಜನಕ ಸಿಗದ ಆ ದಿನಗಳಲ್ಲಿ ಸಿಂಹಗಳ ಮೂಗು ಸೋರುವ ಸುದ್ದಿಗೆ ಯಾರು ಮರುಗುತ್ತಾರೆ? ನಾನು ಮರುಗಿದೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಮೂವತ್ತು ವರ್ಷ ಮೂಕಪ್ರಾಣಿಗಳ ನಡುವೆ ಕೆಲಸ ಮಾಡಿದವನಿಗೆ, ತನಗೇನಾಗಿದೆ ಎಂದು ಹೇಳಲಾರದ ಜೀವದ ಸಂಕಟ ಬೇಗ ಮುಟ್ಟುತ್ತದೆ. ಆ ಎಂಟೂ ಸಿಂಹಗಳು ಚೇತರಿಸಿಕೊಂಡವು.

ಜಗತ್ತಿನಲ್ಲಿ ಇಂಥ ಮೊದಲ ಪ್ರಕರಣ ಅದಕ್ಕಿಂತ ಒಂದು ವರ್ಷ ಮುಂಚೆ, 2020ರ ಏಪ್ರಿಲ್ ಮೊದಲ ವಾರದಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ದೃಢಪಟ್ಟಿತ್ತು. ನಾದಿಯಾ ಎಂಬ ನಾಲ್ಕು ವರ್ಷದ ಮಲಯ ಹುಲಿ ಒಣ ಕೆಮ್ಮು ಕೆಮ್ಮುತ್ತಿತ್ತು. ಮೃಗಾಲಯ ಮಾರ್ಚ್ ಮಧ್ಯದಿಂದಲೇ ಪ್ರೇಕ್ಷಕರಿಗೆ ಮುಚ್ಚಿತ್ತು. ಹೀಗಾಗಿ ರೋಗಲಕ್ಷಣವಿಲ್ಲದ ಸಿಬ್ಬಂದಿಯೊಬ್ಬರಿಂದಲೇ ಅದು ಬಂದಿರಬೇಕೆಂಬ ತೀರ್ಮಾನಕ್ಕೆ ಅಲ್ಲಿನವರು ಬಂದರು. ಕೊನೆಗೆ ಅಲ್ಲಿ ಐದು ಹುಲಿ, ಮೂರು ಸಿಂಹ, ಒಟ್ಟು ಎಂಟು ಪ್ರಾಣಿಗಳಿಗೆ ಸೋಂಕು ಇರುವುದು ತಿಳಿಯಿತು. ಆಗ ಒಂಬತ್ತು ವರ್ಷದವಳಿದ್ದ ನನ್ನ ಮೊಮ್ಮಗಳು ಟಿವಿ ನೋಡುತ್ತ, ‘ಅಜ್ಜಾ, ಹುಲಿ ಮೂಗಿನ್ಯಾಗ ಕಡ್ಡಿ ಹಾಕೂದು ಹ್ಯಾಂಗ?’ ಎಂದು ಕೇಳಿದ್ದಳು. ಒಳ್ಳೆಯ ಪ್ರಶ್ನೆ. ನಾದಿಯಾಳಿಗೆ ಅರಿವಳಿಕೆ ಕೊಟ್ಟು ಮಲಗಿಸಿ ಮೂಗು, ಗಂಟಲು, ಶ್ವಾಸನಾಳಗಳಿಂದ ಮಾದರಿ ತೆಗೆದಿದ್ದರು. ಆದರೆ ಉಸಿರಾಟದ ಕಾಯಿಲೆ ಇರುವ ದೊಡ್ಡ ಪ್ರಾಣಿಗೆ ಅರಿವಳಿಕೆಯೇ ಒಂದು ಅಪಾಯ. ಆದ್ದರಿಂದ ಉಳಿದವುಗಳ ಲದ್ದಿಯನ್ನು ಪರೀಕ್ಷಿಸಿ ಸೋಂಕು ಪತ್ತೆಹಚ್ಚುವ ವಿಧಾನವನ್ನು ರೂಪಿಸಿಕೊಂಡರು. ಪ್ರಾಣಿಯನ್ನು ಮುಟ್ಟದೆ ರೋಗ ಅರಿಯುವ ಇಂಥ ಉಪಾಯಗಳು ನಮ್ಮ ವೃತ್ತಿಯ ಶ್ರೇಷ್ಠ ಕೆಲಸಗಳೆಂದು ನಾನು ನಂಬಿದ್ದೇನೆ.

ಹುಲಿ ಸಿಂಹಗಳಿಗೇ ಇದು ಏಕೆ ಬೇಗ ತಗುಲಿತು ಎಂಬುದಕ್ಕೆ ಉತ್ತರ ಅವುಗಳ ಜೀವಕೋಶದ ಮೇಲಿದೆ. ವೈರಾಣುವಿನ ಮೇಲ್ಮೈಯ ಮುಳ್ಳಿನಂಥ ಪ್ರೋಟೀನು ನಮ್ಮ ಜೀವಕೋಶಗಳ ಎಸಿಇ-2 ಎಂಬ ಗ್ರಾಹಕಕ್ಕೆ ಕೀಲಿಯಂತೆ ಕೂಡಿಕೊಂಡು ಒಳಗೆ ಹೋಗುತ್ತದೆ. ಬೆಕ್ಕಿನ ಕುಲದ ಪ್ರಾಣಿಗಳಲ್ಲಿ ಆ ಗ್ರಾಹಕ ಮನುಷ್ಯರದ್ದನ್ನು ಬಹಳ ಹೋಲುವುದರಿಂದ ಅದೇ ಕೀಲಿ ಅಲ್ಲಿಯೂ ತಿರುಗುತ್ತದೆ. ನಾಯಿಗಳಿಗೆ ಈ ಸೋಂಕು ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಹಂದಿ, ಕೋಳಿಗಳಲ್ಲಿ ಬೆಳೆಯುವುದೇ ಇಲ್ಲವೆಂದು 2020ರಲ್ಲೇ ಪ್ರಯೋಗಗಳಿಂದ ತಿಳಿದಿತ್ತು. ಆ ವರ್ಷ ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಗಾಳಿಮಾತಿಗೆ ನಮ್ಮ ಭಾಗದ ಕೋಳಿ ಸಾಕಣೆದಾರರು ಎಷ್ಟು ನಷ್ಟ ಅನುಭವಿಸಿದರೆಂಬುದು ನೆನಪಾದರೆ ಈಗಲೂ ಬೇಸರವಾಗುತ್ತದೆ.

ಕೊರೊನಾ ಎಂಬ ಹೆಸರೇನೂ ಪಶುವೈದ್ಯರಿಗೆ ಹೊಸದಲ್ಲ. ಎಳೆಗರುಗಳ ಭೇದಿಗೆ ಕಾರಣವಾಗುವ ಒಂದು ಕೊರೊನಾ ವೈರಾಣುವಿದೆ, ನಾಯಿಮರಿಗಳ ಕರುಳಿಗೆ ಬರುವುದು ಇನ್ನೊಂದು, ಬೆಕ್ಕುಗಳಲ್ಲಿ ಹೊಟ್ಟೆಗೆ ನೀರು ತುಂಬಿಸಿ ಕೊಲ್ಲುವುದು ಮತ್ತೊಂದು. ನಾಯಿಮರಿಗಳ ಲಸಿಕೆಯ ಬಾಟಲಿಯ ಮೇಲೆ ‘ಕೊರೊನಾ’ ಎಂದು ಬರೆದಿರುವುದನ್ನು ನೋಡಿ, ಅದನ್ನೇ ಮನುಷ್ಯರಿಗೂ ಚುಚ್ಚಬಾರದೇಕೆ ಎಂದು 2020ರಲ್ಲಿ ನನ್ನನ್ನು ಕೇಳಿದವರಿದ್ದರು. ಅವು ಬೇರೆ ಬೇರೆ ವೈರಾಣುಗಳು. ಒಂದರ ಲಸಿಕೆ ಇನ್ನೊಂದಕ್ಕೆ ಉಪಯೋಗವಿಲ್ಲ.

ನನ್ನನ್ನು ಅತ್ಯಂತ ಕಾಡಿದ್ದು ಚೆನ್ನೈನ ವಂಡಲೂರಿನ ಘಟನೆ. 2021ರ ಜೂನ್ 3ರಂದು ಅಲ್ಲಿನ ಅರಿಜ್ಞರ್ ಅಣ್ಣಾ ಮೃಗಾಲಯದಲ್ಲಿ ನೀಲಾ ಎಂಬ ಒಂಬತ್ತು ವರ್ಷದ ಸಿಂಹಿಣಿ ತೀರಿಕೊಂಡಿತು. ಅಲ್ಲಿನ ಒಂಬತ್ತು ಸಿಂಹಗಳ ಮಾದರಿಯಲ್ಲಿ ಸೋಂಕು ಇರುವುದನ್ನು ಭೋಪಾಲದ ಪ್ರಯೋಗಾಲಯ ತಿಳಿಸಿತು. ಜೂನ್ 16ರಂದು ಪದ್ಮನಾಭನ್ ಎಂಬ ಹನ್ನೆರಡು ವರ್ಷದ ಗಂಡು ಸಿಂಹವೂ ಸತ್ತಿತು. ಆ ಸಿಂಹಗಳ ಮಾದರಿಗಳ ವಂಶವಾಹಿಯನ್ನು ಓದಿದಾಗ ಸಿಕ್ಕಿದ್ದು ಡೆಲ್ಟಾ ತಳಿ. ಆಗ ನಮ್ಮ ಊರೂರುಗಳಲ್ಲಿ ಜನರನ್ನು ಕೊಲ್ಲುತ್ತಿದ್ದ ಅದೇ ತಳಿ. ನಮ್ಮ ಮನೆಗಳ ಸಾವು ಅವುಗಳ ಮನೆಯೊಳಗೂ ಹೊಕ್ಕಿತ್ತು.

ಬೇರೆ ದೇಶಗಳ ಪಟ್ಟಿ ಉದ್ದವಿದೆ, ಕೆಲವನ್ನಷ್ಟೇ ಹೇಳುತ್ತೇನೆ. 2021ರ ಜನವರಿಯಲ್ಲಿ ಸ್ಯಾನ್ ಡಿಯಾಗೋದ ಸಫಾರಿ ಪಾರ್ಕಿನ ಗೊರಿಲ್ಲಾಗಳಿಗೆ, ಸಿಬ್ಬಂದಿ ಮಾಸ್ಕ್ ಮುಂತಾದ ರಕ್ಷಣೆ ಧರಿಸಿದ್ದರೂ, ಸೋಂಕು ತಗುಲಿತು. ಗುಂಪಿನ ಹಿರಿಯ ಗಂಡು ವಿನ್‌ಸ್ಟನ್‌ಗೆ ಪ್ರತಿಕಾಯ ಚಿಕಿತ್ಸೆ ಕೊಟ್ಟು ಉಳಿಸಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಲಿಂಕನ್ ನಗರದ ಮಕ್ಕಳ ಮೃಗಾಲಯದಲ್ಲಿ ಮೂರು ಹಿಮಚಿರತೆಗಳು ಸತ್ತವು. ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಆಂಟ್ವೆರ್ಪ್‌ನಲ್ಲಿ ಎರಡು ನೀರಾನೆಗಳಿಗೂ ಬಂತು. ಅವಕ್ಕೆ ಮೂಗು ಸೋರಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಇವುಗಳಲ್ಲಿ ಯಾವ ಪ್ರಾಣಿಯೂ ಹೊರಗೆ ತಿರುಗಿ ರೋಗ ತಂದುಕೊಂಡದ್ದಲ್ಲ. ಮೃಗಾಲಯದ ಸಿಂಹಕ್ಕೆ ಅತಿ ಹತ್ತಿರ ಬರುವವರು ಕಂದಕದಾಚೆ ನಿಂತು ಫೋಟೋ ತೆಗೆಯುವ ಪ್ರೇಕ್ಷಕರಲ್ಲ, ಪ್ರಾಣಿಪಾಲಕರು. ಸಂಜೆ ಸಿಂಹ ರಾತ್ರಿ ಕೋಣೆಗೆ ಬಂದಾಗ ಮಾಂಸ ಒಳಗೆ ತಳ್ಳುವವರು, ಬೆಳಿಗ್ಗೆ ಕೋಣೆ ತೊಳೆಯುವವರು, ನಿನ್ನೆಯ ಮಾಂಸ ಎಷ್ಟು ಉಳಿದಿದೆ ಎಂದು ನೋಡಿ ಅದಕ್ಕೆ ಮೈಯಲ್ಲಿ ಹುಷಾರಿಲ್ಲವೆಂದು ವೈದ್ಯರಿಗಿಂತ ಮೊದಲು ಗುರುತಿಸುವವರು ಅವರೇ. ಗಾಳಿಯಾಡುವುದು ಕಡಿಮೆ ಇರುವ ಕೋಣೆಯ ಸರಳುಗಳ ಈಚೆ ಅವರು, ಆಚೆ ಅದು. ಕೇಂದ್ರ ಮೃಗಾಲಯ ಪ್ರಾಧಿಕಾರ 2020ರ ಏಪ್ರಿಲ್ 6ರಂದು, ಬ್ರಾಂಕ್ಸ್‌ನ ಸುದ್ದಿ ಬಂದ ಮರುದಿನವೇ, ರಕ್ಷಣಾ ಉಡುಪಿಲ್ಲದೆ ಪಾಲಕರು ಹತ್ತಿರ ಹೋಗಬಾರದು, ಸಿಸಿಟಿವಿಯಲ್ಲಿ ಹಗಲಿರುಳು ಪ್ರಾಣಿಗಳನ್ನು ಗಮನಿಸಬೇಕು, ಕಾಯಿಲೆಯಾದದ್ದನ್ನು ಬೇರೆ ಇಡಬೇಕು ಎಂದು ಸೂಚನೆ ಹೊರಡಿಸಿತು. ಸರಿಯಾದ ಸೂಚನೆಗಳೇ. ಆದರೆ ಜ್ವರ ಬಂದ ಪಾಲಕ ಮನೆಯಲ್ಲಿ ಉಳಿಯಲು ಸಾಧ್ಯವಾದರೆ ಮಾತ್ರ ಅವು ಪೂರ್ತಿ ಕೆಲಸ ಮಾಡುತ್ತವೆ.

ಆರೈಕೆ ಮಾಡುವವರಿಂದಲೇ ರೋಗ ಬರಬಹುದೆಂಬುದು ನನಗೆ ಪುಸ್ತಕದಿಂದ ಮಾತ್ರ ತಿಳಿದದ್ದಲ್ಲ. ಬೈಲಹೊಂಗಲ ತಾಲೂಕಿನ ಒಂದು ಹಳ್ಳಿಯಲ್ಲಿ ಕಾಲುಬಾಯಿ ಬೇನೆ ಹಬ್ಬಿದ್ದಾಗ ನಾನು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಓಡಾಡುತ್ತಿದ್ದೆ. ಒಂದು ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬಳು ಹೊಸ್ತಿಲಲ್ಲಿ ಬಕೀಟು ಇಟ್ಟು, ‘ಸಾಹೇಬ್ರ, ಕಾಲು ತೊಳಕೊಂಡು ಒಳಗ ಬರ್ರಿ, ನಾಕು ಮನಿ ತಿರುಗಿ ಬಂದೀರಿ’ ಎಂದಳು. ಔಷಧ ಕೊಡಲು ಬಂದವನೇ ರೋಗ ಹೊತ್ತು ತಂದಿರಬಹುದೆಂಬುದು ಆಕೆಗೆ ಗೊತ್ತಿತ್ತು. ಇಲಾಖೆಯವನಾದ ನನಗೆ ಅದು ಗೊತ್ತಿದ್ದೂ ಅವಸರದಲ್ಲಿ ಮರೆತಿತ್ತು. ಅಂದಿನಿಂದ ನನ್ನ ಚೀಲದಲ್ಲಿ, ರೋಗಾಣು ಸಾಯಲೆಂದು ಕಾಲು ತೊಳೆಯುವ ನೀರಿಗೆ ಬೆರೆಸುವ ಸೋಡಾದ ಪುಡಿ ತಪ್ಪಲಿಲ್ಲ.

ಪ್ರಾಣಿಗಳ ಲಸಿಕೆಯೂ ಬಂದಿದೆ. ಹಿಸಾರದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಡೆಲ್ಟಾ ತಳಿಯನ್ನು ನಿಷ್ಕ್ರಿಯಗೊಳಿಸಿ ತಯಾರಿಸಿದ ‘ಆಂಕೋವ್ಯಾಕ್ಸ್’ 2022ರ ಜೂನ್ 9ರಂದು ಬಿಡುಗಡೆಯಾಯಿತು. ನಾಯಿ, ಸಿಂಹ, ಚಿರತೆ, ಮೊಲಗಳಿಗೆ ಅದು ಸುರಕ್ಷಿತವೆಂದು ಹೇಳಲಾಗಿದೆ. ನಮ್ಮ ದೇಶದ ವಿಜ್ಞಾನಿಗಳ ಈ ಕೆಲಸಕ್ಕೆ ನನ್ನ ಗೌರವವಿದೆ. ಆದರೆ ಮುಂದಿನ ವೈರಾಣು ಬಂದಾಗ ಅದರ ಲಸಿಕೆ ಸಿದ್ಧವಾಗುವವರೆಗಿನ ತಿಂಗಳುಗಳಲ್ಲಿ ಸಿಂಹವನ್ನು ಕಾಯಬೇಕಾದವರು ಮತ್ತೆ ಆ ಪಾಲಕರೇ. ಕೂಲಿ ತಪ್ಪುತ್ತದೆಂಬ ಭಯದಿಂದ ಕೆಮ್ಮನ್ನು ಅಡಗಿಸಿಕೊಂಡು ಕೆಲಸಕ್ಕೆ ಬರಬೇಕಾದ ಸ್ಥಿತಿ ಅವರಲ್ಲಿ ಯಾರಿಗೂ ಇರಬಾರದು. ಮುಂದಿನ ಸಲ ಭೂತರಾಮನಹಟ್ಟಿಗೆ ಹೋದಾಗ ಪಾಲಕರೊಬ್ಬರನ್ನು ಮಾತಾಡಿಸಿ, ಜ್ವರ ಬಂದ ದಿನ ಅವರ ಬದಲಿಗೆ ಯಾರು ಬರುತ್ತಾರೆ, ಆ ದಿನದ ಪಗಾರ ಸಿಗುತ್ತದೆಯೇ ಎಂದು ಕೇಳಬೇಕೆಂದಿದ್ದೇನೆ.